ಲೆಕ್ಕ ಸರಿ ಇದ್ದರೂ ಮಾತಿನಲ್ಲಿ ಸೋತೆ. ವಾದ ಮಾಡುವಾಗ ಭಾವನೆಗೆ ಎಷ್ಟು ಜಾಗ ಕೊಡಬೇಕು?

ಎರಿಹೊಲ, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಹೇಳಿ.

ಅಣ್ಣಿಗೇರಿ ಹತ್ತಿರ ನಮ್ಮದು 4 ಎಕರೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಇಲ್ಲದಿದ್ದರೆ ಬಿಳಿಜೋಳ. ಅಪ್ಪನಿಗೆ ಈಗ 68. ಮೊಣಕಾಲು ನೋವು, ಆಳು ಸಿಗುವುದಿಲ್ಲ, ಮಳೆ ಯಾವಾಗ ಕೈ ಕೊಡುತ್ತದೋ ಗೊತ್ತಿಲ್ಲ. ಈಗ ಒಬ್ಬರು ಎಕರೆಗೆ 22 ಲಕ್ಷ ಕೊಡುತ್ತೇನೆ ಅಂತ ಬಂದಿದ್ದಾರೆ. ನಾನು ಅಕೌಂಟ್ಸ್ ಕೆಲಸ ಮಾಡುವವನು. ಸುಮ್ನೆ ಬಾಯಿಮಾತಲ್ಲಿ ಹೇಳಬಾರದು ಅಂತ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ಪ್ರಿಂಟ್ ತೆಗೆದುಕೊಂಡು ಊರಿಗೆ ಹೋದೆ. 88 ಲಕ್ಷ ಬ್ಯಾಂಕಿನಲ್ಲಿಟ್ಟರೆ 7 ಪರ್ಸೆಂಟ್ ಬಡ್ಡಿಯಲ್ಲಿ ವರ್ಷಕ್ಕೆ 6 ಲಕ್ಷ 16 ಸಾವಿರ. ಹೊಲದಿಂದ ಐದು ವರ್ಷದ ಸರಾಸರಿ ತೆಗೆದರೆ, ಖರ್ಚು ಹೋಗಿ ಕೈಗೆ ಬಂದದ್ದು ವರ್ಷಕ್ಕೆ 90 ಸಾವಿರ.

ಅಪ್ಪ ಪೂರ್ತಿ ಕೇಳಿದರು. ಆಮೇಲೆ "ಹೊಲ ಮಾರಿದ ಮ್ಯಾಲೆ ನಾ ಮುಂಜಾನೆದ್ದು ಎಲ್ಲಿಗೆ ಹೋಗ್ಲಿ?" ಅಂದು ಎದ್ದು ಹೊರಗೆ ಹೋದರು. ಅವ್ವ ಒಳಗೆ ಅಳುತ್ತಿದ್ದಳು. ಕಾಕಾ ನನ್ನ ಹಾಳೆ ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ನಿಮ್ಮಪ್ಪ ಎಲ್ಲಿ ಅದಾನ?" ಅಂತ ಕೇಳಿದರು. ಅಲ್ಲಿಗೆ ಮಾತು ಮುಗಿಯಿತು. ನಾನು ಹೇಳಿದ ಒಂದು ಅಂಕಿಯನ್ನೂ ಯಾರೂ ತಪ್ಪು ಅನ್ನಲಿಲ್ಲ. ಆದರೂ ನಾನು ಸೋತೆ. ಮನೆಯಲ್ಲಿ ಈಗ ನನ್ನ ಜೊತೆ ಯಾರೂ ಸರಿಯಾಗಿ ಮಾತಾಡುತ್ತಿಲ್ಲ.

ನಾನು ಕೇಳುವುದು ಇಷ್ಟೇ. ಲೆಕ್ಕಕ್ಕೆ ಲೆಕ್ಕದಿಂದಲೇ ಉತ್ತರ ಕೊಡಬೇಕು ಅಲ್ವಾ? ಕಣ್ಣೀರಿನಿಂದ ಉತ್ತರ ಕೊಡುವುದು ನ್ಯಾಯವಾ?

ಚಿಗರಿ ಪ್ರಯಾಣಿಕ, ಧಾರವಾಡ:

ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಭಾವನೆ ನಡುವೆ ಬಂದರೆ ಯಾವ ತೀರ್ಮಾನವೂ ಸರಿ ಆಗುವುದಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಹಾಳೆ ತೋರಿಸಿ.

ನಿವೃತ್ತ ಮಾಸ್ತರ, ಗದಗ:

ತಮ್ಮಾ, ಅದೇ ಹಾಳೆಯನ್ನು ಮತ್ತೆ ತೋರಿಸಬೇಡ. ಯಾಕೆ ಅಂತ ಹೇಳುತ್ತೇನೆ.

ನಮ್ಮ ದೇಶದಲ್ಲಿ ವಾದ ಮಾಡುವುದನ್ನೇ ಒಂದು ಶಾಸ್ತ್ರ ಮಾಡಿದವರು ನ್ಯಾಯದರ್ಶನ ಅನ್ನುವ ಹಳೆಯ ತತ್ವಶಾಸ್ತ್ರದವರು. ಅವರು ಮಾತಿನ ಜಗಳವನ್ನು ಮೂರು ಬಗೆ ಮಾಡಿದ್ದರು. ನಿಜ ಏನು ಅಂತ ತಿಳಿಯಲು ಇಬ್ಬರೂ ಸೇರಿ ಮಾಡುವುದು ವಾದ. ಗೆಲ್ಲಲೇಬೇಕು ಅಂತ ಮಾಡುವುದು ಜಲ್ಪ. ತನ್ನದು ಅಂತ ಒಂದು ಮಾತೂ ಇಲ್ಲದೆ ಎದುರಿನವನದ್ದನ್ನು ಸುಮ್ನೆ ಕೆಡವುತ್ತಾ ಹೋಗುವುದು ವಿತಂಡ. ವಿತಂಡವಾದ ಅಂತ ನಾವು ದಿನಾ ಬೈಯುತ್ತೇವಲ್ಲ, ಆ ಪದ ಬಂದದ್ದು ಅಲ್ಲಿಂದ. ನೀನು ಅಪ್ಪನ ಮುಂದೆ ಕೂತಾಗ ಮಾಡಿದ್ದು ಯಾವುದು ಅಂತ ನೀನೇ ಯೋಚನೆ ಮಾಡು. ಬೈಯಲು ಹೇಳುತ್ತಿಲ್ಲ, ನಾನೂ ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಮುಂದೆ ಜಲ್ಪವನ್ನೇ ಜಾಸ್ತಿ ಮಾಡಿದ್ದೇನೆ.

ಅವರು ಹೇಳುವ ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಗುಡ್ಡದ ಮೇಲೆ ಹೊಗೆ ಕಾಣುತ್ತದೆ, ಅಲ್ಲಿ ಬೆಂಕಿ ಇದೆ ಅಂತ ನಾನು ಮನಸ್ಸಿನಲ್ಲೇ ತಿಳಿದುಕೊಳ್ಳುವುದು ಸ್ವಾರ್ಥಾನುಮಾನ. ಇಲ್ಲಿ ಸ್ವಾರ್ಥ ಅಂದರೆ ಕೆಟ್ಟ ಅರ್ಥ ಅಲ್ಲ, ನನಗಾಗಿ ಮಾಡಿಕೊಂಡದ್ದು ಅಂತ. ಅದೇ ಮಾತನ್ನು ಇನ್ನೊಬ್ಬನಿಗೆ ಒಪ್ಪಿಸಬೇಕಾದರೆ ಅದು ಪರಾರ್ಥಾನುಮಾನ, ಅದಕ್ಕೆ ಐದು ಮೆಟ್ಟಿಲು. ಬೆಂಕಿ ಇದೆ ಅನ್ನಬೇಕು. ಹೊಗೆ ಇರುವುದರಿಂದ ಅನ್ನಬೇಕು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ನಿಮ್ಮ ಅಡುಗೆಮನೆಯ ಹಾಗೆ ಅನ್ನಬೇಕು. ಈ ಗುಡ್ಡವೂ ಹಾಗೇ ಇದೆ ಅಂತ ತೋರಿಸಿ, ಕೊನೆಗೆ ಆದ್ದರಿಂದ ಬೆಂಕಿ ಇದೆ ಅಂತ ಮುಗಿಸಬೇಕು. ನಡುವೆ ಅಡುಗೆಮನೆ ಯಾಕೆ ಬಂತು ನೋಡು. ಕೇಳುವವನು ಬೆಂಕಿ ಮತ್ತು ಹೊಗೆ ಎರಡನ್ನೂ ಒಟ್ಟಿಗೆ ಕಣ್ಣಾರೆ ಕಂಡ ಜಾಗ ಅದು. ಅವನ ಅನುಭವಕ್ಕೆ ಮುಟ್ಟದೆ ಮಾತು ಪೂರ್ತಿ ಆಗುವುದಿಲ್ಲ ಅಂತ ತರ್ಕ ಬರೆದವರೇ ಹೇಳಿದ್ದಾರೆ.

ನಿನ್ನ ಎಕ್ಸೆಲ್ ಹಾಳೆ ನಿನಗಾಗಿ ಮಾಡಿಕೊಂಡದ್ದು. ನಿನಗೆ ಬಡ್ಡಿ ಅಂದರೆ ಏನು ಅಂತ ಗೊತ್ತು, ದಿನಾ ಅದರಲ್ಲೇ ಇರುತ್ತೀಯ. ಅಪ್ಪನ ಅಡುಗೆಮನೆ ಯಾವುದು?

ಕೋರ್ಟ್ ಸರ್ಕಲ್, ಧಾರವಾಡ:

ಮಾಸ್ತರ ಮಾತು ಹಿಡಿಸಿತು. ನಾನು ವಕೀಲ. ಜನ ಕೋರ್ಟ್ ಅಂದರೆ ಬರೀ ತರ್ಕ ಅಂದುಕೊಂಡಿದ್ದಾರೆ. ಅಪಘಾತದ ಪರಿಹಾರದ ಕೇಸುಗಳಲ್ಲಿ ನಾವು ಏನು ಮಾಡುತ್ತೇವೆ ಅಂತ ಹೇಳಿದರೆ ನಿಮಗೆ ಅರ್ಥ ಆಗುತ್ತದೆ.

38 ವರ್ಷದ ಒಬ್ಬ ಮನುಷ್ಯ ರಸ್ತೆ ಅಪಘಾತದಲ್ಲಿ ಹೋದ ಅಂತ ಇಟ್ಟುಕೊಳ್ಳಿ. ಅವನ ವರ್ಷದ ಆದಾಯ ಎಷ್ಟು, ಮುಂದೆ ಎಷ್ಟು ಏರುತ್ತಿತ್ತು, ಅದರಲ್ಲಿ ತನಗೇ ಎಷ್ಟು ಖರ್ಚು ಮಾಡಿಕೊಳ್ಳುತ್ತಿದ್ದ ಅಂತ ಕಳೆದು, ಉಳಿದದ್ದನ್ನು 15ರಿಂದ ಗುಣಿಸುತ್ತೇವೆ. ಆ ವಯಸ್ಸಿಗೆ 15 ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಗೊತ್ತು ಮಾಡಿದೆ. ಶುದ್ಧ ಗಣಿತ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಗಂಡನನ್ನು ಕಳೆದುಕೊಂಡ ನೋವಿಗೆ ಅಂತಲೇ ಬೇರೆ ಒಂದು ಕಾಲಂ ಇದೆ. 2017ರ ತೀರ್ಪಿನಲ್ಲಿ ಅದಕ್ಕೆ 40 ಸಾವಿರ ರೂಪಾಯಿ ಅಂತ ಗೊತ್ತು ಮಾಡಿದರು, ಮೂರು ವರ್ಷಕ್ಕೊಮ್ಮೆ ಹತ್ತು ಪರ್ಸೆಂಟ್ ಏರಿಸಬೇಕು ಅಂತಲೂ ಹೇಳಿದರು. 40 ಸಾವಿರ ಒಂದು ಬಾಳಿಗೆ ಏನೂ ಅಲ್ಲ, ಇದನ್ನು ಹೇಳುವಾಗ ಈಗಲೂ ನನಗೆ ಸಂಕಟ ಆಗುತ್ತದೆ. ಆದರೂ ಕಾನೂನು ಆ ಕಾಲಂ ಅನ್ನು ಖಾಲಿ ಬಿಡಲಿಲ್ಲ. ನೋವನ್ನು ಅಳೆಯಲು ಬರುವುದಿಲ್ಲ ಅಂತ ಅದನ್ನು ಸೊನ್ನೆ ಅಂತ ಹಿಡಿಯಲಿಲ್ಲ.

ಎರಿಹೊಲ ಅವರೇ, ನೀವು ಮಾಡಿದ್ದು ಅದು. ಅಳೆಯಲು ಬಾರದ್ದನ್ನು ಸೊನ್ನೆ ಅಂತ ಹಿಡಿದಿರಿ. ಅದು ಭಾವನೆಯ ತಪ್ಪಲ್ಲ, ಲೆಕ್ಕದ ತಪ್ಪು.

ಸಪ್ತಾಪುರ ಪಿಜಿ:

ಎಲ್ಲರೂ ಭಾವನೆಯ ಪರ ಮಾತಾಡುತ್ತಿದ್ದೀರಿ. ನಾನು ಬೇರೆ ಕಡೆಯಿಂದ ಹೇಳುತ್ತೇನೆ, ಬೇಜಾರಾಗಬೇಡಿ.

ನಾನು ಧಾರವಾಡದಲ್ಲಿ ಕೋಚಿಂಗ್ ತೆಗೆದುಕೊಳ್ಳುತ್ತಿರುವ ಹುಡುಗಿ. ಇನ್ನೂ ಒಂದು ವರ್ಷ ಓದುತ್ತೇನೆ ಅಂದಾಗ ನಮ್ಮ ಮನೆಯಲ್ಲಿ ಬಂದ ಉತ್ತರ, "ನಾ ಸತ್ತ ಮ್ಯಾಲೆ ಓದ್ಕೋ." ಹೇಳಿದ್ದು ನಮ್ಮ ಅಪ್ಪ. ಅಮ್ಮ ಅತ್ತಳು. ನಾನು ಕಟಾಫ್ ತೋರಿಸಿದೆ, ಕಳೆದ ಸಲ ಎಷ್ಟು ಅಂಕಕ್ಕೆ ತಪ್ಪಿತು ಅಂತ ತೋರಿಸಿದೆ, ಪಿಜಿ ಖರ್ಚಿಗೆ ಸಂಜೆ ಟ್ಯೂಷನ್ ಹೇಳುತ್ತೇನೆ ಅಂದೆ. ಒಂದಕ್ಕೂ ಉತ್ತರ ಇಲ್ಲ. ಬರೀ ಅಳು. ಆ ಅಳುವಿನ ಮುಂದೆ ನನ್ನ ಮಾತಿಗೆ ಬೆಲೆಯೇ ಇರಲಿಲ್ಲ. ನಮ್ಮಂಥ ಹುಡುಗಿಯರಿಗೆ ಅಂಕಿ, ಅಂಶ, ಕಾರಣ ಬಿಟ್ಟರೆ ಬೇರೆ ಏನಿದೆ ಹೇಳಿ? ಮನೆಯಲ್ಲಿ ಜೋರು ಧ್ವನಿ ಅವರದ್ದು, ಅಳುವ ಹಕ್ಕೂ ಅವರದ್ದೇ. ತರ್ಕಕ್ಕೆ ಬೆಲೆ ಕೊಡಬೇಡಿ ಅಂತ ಸಲೀಸಾಗಿ ಹೇಳಬೇಡಿ. ಬಲ ಇಲ್ಲದವರು ನಿಲ್ಲುವ ಜಾಗ ಅದೊಂದೇ.

ನಿವೃತ್ತ ಮಾಸ್ತರ, ಗದಗ:

ನೀನು ಹೇಳಿದ್ದು ಖರೆ ತಂಗಿ. ನಾನು ಆ ಕಡೆ ಯೋಚನೆ ಮಾಡಿರಲಿಲ್ಲ.

ನರಗುಂದ ರೈತ:

ಸಪ್ತಾಪುರದ ತಂಗಿ ಹೇಳಿದ ಮಾತು ನಮಗೂ ಗೊತ್ತು, ಆದರೆ ನಮ್ಮ ಕಡೆ ಅದು ಎರಡೂ ಕಡೆ ಹರಿಯಿತು.

1980ರ ಜುಲೈ 21. ಮಲಪ್ರಭಾ ಕಾಲುವೆಯ ನೀರು ನೆಟ್ಟಗೆ ಬಾರದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ, ಅಂದರೆ ನೀರಾವರಿಯಿಂದ ಹೊಲದ ಬೆಲೆ ಏರಿತು ಅಂತ ಹಾಕುವ ಕರ, ಕಟ್ಟು ಅಂದರು. ನೀರು ಬಂದಿಲ್ಲ, ಕರ ಯಾಕೆ ಅನ್ನುವುದು ನಮ್ಮ ಹಿರಿಯರ ಪ್ರಶ್ನೆ. ಇದು ಭಾವನೆಯಾ? ಇದಕ್ಕಿಂತ ದೊಡ್ಡ ತರ್ಕ ಯಾವುದಿದೆ? ಆದರೆ ಅರ್ಜಿಯಲ್ಲಿ ಬರೆದಾಗ ಯಾರೂ ಓದಲಿಲ್ಲ. ಜನ ಸಿಟ್ಟಿಗೆದ್ದು ಬೀದಿಗೆ ಬಂದಾಗ ಓದಿದರು. ಅವತ್ತು ನರಗುಂದದಲ್ಲಿ ಒಬ್ಬ, ನವಲಗುಂದದಲ್ಲಿ ಒಬ್ಬ ರೈತ ಗುಂಡಿಗೆ ಬಲಿಯಾದರು. ಈಗಲೂ ಜುಲೈ 21ಕ್ಕೆ ನಾವು ಸೇರುತ್ತೇವೆ. ಸರಿಯಾದ ಕಾರಣ ಕೈಯಲ್ಲಿದ್ದರೂ, ಕೇಳಿಸಿಕೊಳ್ಳುವಂತೆ ಮಾಡಲು ಸಿಟ್ಟು ಬೇಕಾಯಿತು.

ಇನ್ನು ಮಹದಾಯಿ, ಗೋವಾಕ್ಕೆ ಹರಿಯುವ ನದಿಯ ನೀರಿನ ಜಗಳ. 2015ರಲ್ಲಿ ಇಲ್ಲೇ ನರಗುಂದದಲ್ಲಿ ಧರಣಿ ಕೂತೆವು. ನಾನೂ ಕೂತಿದ್ದೆ. ತಾಯಿ, ರಕ್ತ, ಪ್ರಾಣ ಎಲ್ಲ ಮಾತೂ ಆಡಿದೆವು, ಆಡಿದ್ದು ಸುಳ್ಳಲ್ಲ. ಆದರೆ ನ್ಯಾಯಮಂಡಳಿಯಲ್ಲಿ ಕೇಳುವುದು ಬೇರೆ. ಆ ನದಿಗೆ ಸೇರುವ ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ ಕರ್ನಾಟಕ ಕೇಳಿದ್ದು 7.56 ಟಿಎಂಸಿ. 2016ರ ಜುಲೈ 27ರಂದು ಮಧ್ಯಂತರ ಅರ್ಜಿ ತಿರಸ್ಕಾರ ಆಯಿತು. ಅವತ್ತು ನಮ್ಮ ಕಡೆ ಬೆಂಕಿ ಹೊತ್ತಿತು. ಕಚೇರಿಗಳು ಸುಟ್ಟವು, ಪೊಲೀಸರು ಹಳ್ಳಿಗೆ ನುಗ್ಗಿ ಹೊಡೆದರು, ಏನೂ ಮಾಡದವರಿಗೂ ಹೊಡೆತ ಬಿತ್ತು. 2018ರ ಆಗಸ್ಟ್‌ನಲ್ಲಿ ಕೊನೆಯ ತೀರ್ಪು ಬಂದಾಗ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಅಂದರು. ಕೆಲವರು ಕುಣಿದರು. ಕೂತು ಓದಿದ ಮೇಲೆ ಗೊತ್ತಾಯಿತು, ಅದರಲ್ಲಿ 8.02 ವಿದ್ಯುತ್ತಿಗೆ, ಮಲಪ್ರಭೆಗೆ ತಿರುಗಿಸಿಕೊಳ್ಳಲು ಕೊಟ್ಟದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಕೂಡಿಸಿದರೆ 3.9. ಕೇಳಿದ್ದರ ಅರ್ಧಕ್ಕಿಂತ ಚೂರು ಜಾಸ್ತಿ, ಅಷ್ಟೇ. ಅಂಕಿ ಓದಲು ಬಂದವರು ಮಾತ್ರ ಅವತ್ತು ಸರಿಯಾಗಿ ಪೇಚಾಡಿದರು.

ಅದರಿಂದ ನಾನು ತಿಳಿದದ್ದು ಇಷ್ಟು. ಎಲ್ಲಿ ನೋವಿದೆ ಅಂತ ಸಿಟ್ಟು ಹೇಳುತ್ತದೆ. ಎಷ್ಟು ಟಿಎಂಸಿ ಬೇಕು ಅಂತ ಅದಕ್ಕೆ ಹೇಳಲು ಬರುವುದಿಲ್ಲ. ನಮ್ಮಲ್ಲಿ ಮೊದಲನೆಯದು ಹೇಳುವವರು ಸಾವಿರ ಜನ ಇದ್ದೆವು, ಎರಡನೆಯದನ್ನು ರೈತರಿಗೆ ಬಿಡಿಸಿ ಹೇಳುವವರು ಬೆರಳೆಣಿಕೆ. ಆ ಕೊರತೆ ನಮಗೆ ಇವತ್ತಿಗೂ ಕಾಡುತ್ತಿದೆ.

ಕಡ್ಡಿ ಮೆಣಸಿನಕಾಯಿ, ಬ್ಯಾಡಗಿ:

ನರಗುಂದದ ಅಣ್ಣಾರ ಮಾತಿಗೆ ನಮ್ಮದೊಂದು ಸೇರಿಸುತ್ತೇನೆ. 2024ರ ಮಾರ್ಚ್ 11ಕ್ಕೆ ನಮ್ಮ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಬಿದ್ದಾಗ ಕಚೇರಿಗೆ, ಗಾಡಿಗಳಿಗೆ ಬೆಂಕಿ ಬಿತ್ತು. ಸಿಟ್ಟಿಗೆ ಕಾರಣ ಇತ್ತು, ವರ್ಷದ ದುಡಿಮೆ ಚೀಲದಲ್ಲಿ ತುಂಬಿಕೊಂಡು ರಾತ್ರಿಯಿಡೀ ಗಾಡಿಯಲ್ಲಿ ಬಂದವರು ಅವರು. ಆದರೆ ಆಮೇಲೆ ಎಲ್ಲಿ ಹೋದರೂ ಮಾತು ಬೆಂಕಿಯದ್ದೇ. ದರ ಯಾಕೆ ಬಿತ್ತು ಅನ್ನುವ ಪ್ರಶ್ನೆ ಹೊಗೆಯಲ್ಲಿ ಮುಚ್ಚಿಹೋಯಿತು.

ಇನ್ನೊಂದು. ನಮ್ಮ ಜಿಲ್ಲೆಯ ಬಾಡದ ಕನಕದಾಸರು ರಾಮಧಾನ್ಯಚರಿತೆಯಲ್ಲಿ ಭತ್ತ ಮತ್ತು ರಾಗಿಯ ಜಗಳ ತಂದಿದ್ದಾರಲ್ಲ, ಅದನ್ನು ಈ ಪ್ರಶ್ನೆಗೆ ಹಚ್ಚಿ ನೋಡಿ. ಭತ್ತ ರಾಗಿಯನ್ನು ಕೀಳು ಅನ್ನುತ್ತದೆ. ರಾಗಿ ಸಿಟ್ಟಾಗಿ, ನೀನು ಉಳ್ಳವರ ಮುಖ ನೋಡುವವ, ಬಡವರ ಕಡೆ ತಿರುಗುವವನಲ್ಲ ಅಂತ ತಿರುಗಿ ಬೀಳುತ್ತದೆ. ಬೈಗುಳವೂ ಇದೆ, ಕಾರಣವೂ ಇದೆ. ಕೇಳಿದವರಿಗೆ ತೀರ್ಪು ಕೊಡಲು ಆಗುವುದಿಲ್ಲ. ಆಗ ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಆರು ತಿಂಗಳ ಮೇಲೆ ತೆಗೆದು ನೋಡಿದರೆ ಭತ್ತ ಕೆಟ್ಟಿದೆ, ರಾಗಿ ಗಟ್ಟಿಯಾಗಿ ಉಳಿದಿದೆ. ಮಾತಿನಲ್ಲಿ ಬಗೆಹರಿಯದ್ದನ್ನು ಇಟ್ಟು ನೋಡಿ ಬಗೆಹರಿಸಿದರು.

ಎರಿಹೊಲ ಅಣ್ಣಾ, ನಿಮ್ಮ ಹೊಲವನ್ನೂ ಯಾಕೆ ಹಾಗೆ ಇಟ್ಟು ನೋಡಬಾರದು? ಮಾರಿದರೆ ವಾಪಸ್ ಬರುವುದಿಲ್ಲ. ಒಂದು ವರ್ಷ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡಿ. ಹೊಲಕ್ಕೆ ದುಡಿಯಲು ಹೋಗದೆ ಅಪ್ಪ ಹೇಗಿರುತ್ತಾರೆ ಅಂತ ಗೊತ್ತಾಗುತ್ತದೆ, ಅಪ್ಪನಿಗೂ ಗೊತ್ತಾಗುತ್ತದೆ.

ಬೆಟಗೇರಿ ಅಕ್ಕ:

ಇಷ್ಟು ಹೊತ್ತು ಓದಿದೆ. ಒಬ್ಬರೂ ಕೇಳಲಿಲ್ಲ, ನಾನು ಕೇಳುತ್ತೇನೆ. ತಮ್ಮಾ, ನಿನಗೆ ಅಕ್ಕ ತಂಗಿ ಇದ್ದಾರಾ? ಅವರನ್ನು ಕೇಳಿದೆಯಾ?

ಎರಿಹೊಲ, ಹುಬ್ಬಳ್ಳಿ:

ಒಬ್ಬ ಅಕ್ಕ ಇದ್ದಾಳೆ, ಹಾವೇರಿಗೆ ಕೊಟ್ಟಿದ್ದೇವೆ. ಕೇಳಿಲ್ಲ. ಮದುವೆಯಲ್ಲಿ ಕೊಡಬೇಕಾದ್ದೆಲ್ಲ ಕೊಟ್ಟಿದ್ದೆವು ಅಂತ ನನ್ನ ತಲೆಗೆ ಬರಲೇ ಇಲ್ಲ.

ಕೋರ್ಟ್ ಸರ್ಕಲ್, ಧಾರವಾಡ:

ಹೊಲ ಅಜ್ಜನಿಂದ ಬಂದದ್ದಾ, ಅಪ್ಪ ಸ್ವಂತ ಕೊಂಡದ್ದಾ? ಪಿತ್ರಾರ್ಜಿತ ಆಗಿದ್ದರೆ ಅಕ್ಕನಿಗೂ ನಿಮ್ಮಷ್ಟೇ ಪಾಲು. 2005ರ ತಿದ್ದುಪಡಿ ಕೇಂದ್ರದ್ದು, ನಮ್ಮ ರಾಜ್ಯದಲ್ಲಿ 1994ರಲ್ಲೇ ತಿದ್ದುಪಡಿ ಆಗಿತ್ತು. ಹುಟ್ಟಿನಿಂದಲೇ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿತು. ಅವಳ ಸಹಿ ಇಲ್ಲದೆ ಮಾರಿದರೆ ನಾಳೆ ಕೊಂಡವರೂ ಕೋರ್ಟಿಗೆ ಅಲೆಯಬೇಕು, ನೀವೂ ಅಲೆಯಬೇಕು. ಮೊದಲು ಉತಾರ, ಅಂದರೆ ಪಹಣಿ, ತೆಗೆಸಿ ನೋಡಿ.

ಬೆಟಗೇರಿ ಅಕ್ಕ:

ಕಾನೂನು ಇರಲಿ ವಕೀಲ ಸಾಹೇಬರೇ, ಅದು ಬೇಕು. ಆದರೆ ನಾನು ಹೇಳುವುದು ಮಾತಿನ ಬಗ್ಗೆ. ಭಾವನೆ ಬಿಟ್ಟು ಬರೀ ಲೆಕ್ಕದಲ್ಲಿ ಮಾತಾಡಿದೆ ಅಂತ ಈ ತಮ್ಮ ನಂಬಿದ್ದ. ಆ ಲೆಕ್ಕದಲ್ಲಿ ಅಪ್ಪನಿಗೆ ಜಾಗ ಇಲ್ಲ, ಅಕ್ಕನ ಹೆಸರೇ ಇಲ್ಲ. ಯಾರ ಮೇಲೆ ನಮಗೆ ಮನಸ್ಸಿರುತ್ತದೋ ಅವರೇ ನಮ್ಮ ಲೆಕ್ಕಕ್ಕೆ ಬರುವುದು. ಲೆಕ್ಕ ಶುರು ಆಗುವ ಮೊದಲೇ ಭಾವನೆ ಅಲ್ಲಿ ಬಂದು ಕೂತಿರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ.

ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ ಹೋರಾಟದಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. 2015ರಲ್ಲಿ ಸಂರಕ್ಷಿತ ಪ್ರದೇಶ ಅಂದರು, 2016ರಲ್ಲಿ ಅದನ್ನು ವಾಪಸ್ ತೆಗೆದರು. ಗಣಿಗೆ ಕೊಟ್ಟರೆ ಇಷ್ಟು ಉದ್ಯೋಗ, ಇಷ್ಟು ತೆರಿಗೆ ಅನ್ನುವವರು ಇದ್ದರು. ಕೇಳಲು ಬಹಳ ಸರಿ ಅನ್ನಿಸುತ್ತಿತ್ತು. ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಗದಗದಲ್ಲಿ ನಾವು ಹೆಂಗಸರೆಲ್ಲ ಧರಣಿಗೆ ಹೋದೆವು. ನಮ್ಮ ಗುಡ್ಡ, ನಮ್ಮ ತಾಯಿ ಅಂದೆವು. ನನ್ನ ಪಕ್ಕ ಕೂತ ಮುಂಡರಗಿ ಕಡೆಯ ಅಜ್ಜಿ ಮಾತ್ರ ಭಾಷಣ ಮಾಡಲಿಲ್ಲ. ಯಾವ ಗಿಡ ಯಾವ ಬೇನೆಗೆ, ಯಾವ ಹಳ್ಳ ಯಾವ ತಿಂಗಳವರೆಗೆ ಹರಿಯುತ್ತದೆ, ಗುಡ್ಡದ ಹುಲ್ಲು ಎಷ್ಟು ದನಕ್ಕೆ ಸಾಕಾಗುತ್ತದೆ ಅಂತ ಬೆರಳು ಮಡಚಿ ಹೇಳುತ್ತಾ ಹೋದಳು. ತೆರಿಗೆಯ ಲೆಕ್ಕ ಮಾಡಿದವರ ಹಾಳೆಯಲ್ಲಿ ಇದು ಒಂದೂ ಇರಲಿಲ್ಲ. 2017ರಲ್ಲಿ ಮತ್ತೆ ಸಂರಕ್ಷಿತ ಅಂತ ಘೋಷಣೆ ಆಯಿತು, 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವೂ ಆಯಿತು. ಆ ಅಜ್ಜಿಯ ಮಾತು ಭಾವನೆಯೋ ತರ್ಕವೋ, ನೀವೇ ಹೇಳಿ. ನನಗೆ ಇವತ್ತಿಗೂ ಬೇರೆ ಮಾಡಲು ಬರುವುದಿಲ್ಲ.

ವಿದ್ಯಾಗಿರಿ:

ಮನಃಶಾಸ್ತ್ರ ಕಲಿಸುತ್ತೇನೆ, ಅದಕ್ಕೆ ಒಂದು ಮಾತು. ನರವೈದ್ಯ ಆಂಟೋನಿಯೊ ಡಮಾಸಿಯೊ ತಮ್ಮ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿ ಭಾವನೆ ಬತ್ತಿತ್ತು, ಬುದ್ಧಿ ಮಾತ್ರ ಚೆನ್ನಾಗಿತ್ತು. ಮುಂದಿನ ಸಲ ಬರಲು ಎರಡು ದಿನಾಂಕ ಕೊಟ್ಟರೆ, ಈ ದಿನ ಆದರೆ ಹೀಗೆ, ಆ ದಿನ ಆದರೆ ಹಾಗೆ ಅಂತ ಸುಮಾರು ಅರ್ಧ ಗಂಟೆ ಕಾರಣ ಕೊಡುತ್ತಲೇ ಹೋದನಂತೆ. ಯಾವುದೂ ಅವನಿಗೆ ಹೆಚ್ಚು ಅನ್ನಿಸಲಿಲ್ಲ, ಯಾವುದೂ ಕಡಿಮೆ ಅನ್ನಿಸಲಿಲ್ಲ. ಕೊನೆಗೆ ವೈದ್ಯರೇ ಒಂದು ದಿನ ಹೇಳಿದಾಗ ತಕ್ಷಣ ಸರಿ ಅಂದ.

ಸಪ್ತಾಪುರದ ಹುಡುಗಿಯ ಮಾತಿಗೆ ಇದು ಉತ್ತರ ಅಲ್ಲ, ಅದು ನನಗೆ ಗೊತ್ತು.

ಸಪ್ತಾಪುರ ಪಿಜಿ:

ಹೌದು ಮೇಡಂ, ಅಲ್ಲ. ಆದರೆ ಬೆಟಗೇರಿ ಅಕ್ಕನ ಮಾತು ಓದಿದ ಮೇಲೆ ನನಗೆ ಒಂದು ಗುರುತು ಸಿಕ್ಕಿತು. ಆ ಅಜ್ಜಿಯನ್ನು ನಾನು ಮುಂದಿನ ಪ್ರಶ್ನೆ ಕೇಳಬಹುದು. ಯಾವ ಹಳ್ಳ ಅಜ್ಜಿ, ಯಾವ ಗಿಡ ಅಂತ. ಕೇಳಿದಷ್ಟೂ ಅವಳು ಹೇಳುತ್ತಾಳೆ. ನಮ್ಮ ಅಪ್ಪ "ನಾ ಸತ್ತ ಮ್ಯಾಲೆ" ಅಂದ ಮೇಲೆ ಮುಂದೆ ಏನು ಕೇಳಲಿ? ಕೇಳಿದರೆ ನಾನು ಕೆಟ್ಟವಳು. ಒಂದು ಭಾವನೆ ಬಾಗಿಲು ತೆಗೆದಿಡುತ್ತದೆ, ಇನ್ನೊಂದು ಚಿಲಕ ಹಾಕುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯಬೇಡಿ.

ಎರಿಹೊಲ ಅವರೇ, ನಿಮ್ಮ ಅಪ್ಪ ಎಲ್ಲಿಗೆ ಹೋಗಲಿ ಅಂತ ಕೇಳಿದರಲ್ಲ, ಅದು ಚಿಲಕ ಅಲ್ಲ. ಅದು ಪ್ರಶ್ನೆ. ನೀವು ಉತ್ತರ ಕೊಡಲಿಲ್ಲ.

ಚಿಗರಿ ಪ್ರಯಾಣಿಕ, ಧಾರವಾಡ:

ಮೊದಲು ನಾನು ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅದೇ ಹಾಳೆ ತೋರಿಸಬೇಡಿ.

ಎರಿಹೊಲ, ಹುಬ್ಬಳ್ಳಿ:

ಮೂರು ವಾರ ಆಯಿತು, ಎಲ್ಲರೂ ಕೇಳುತ್ತಿದ್ದೀರಿ, ಹೇಳುತ್ತೇನೆ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಹಾಳೆ ತೆಗೆದುಕೊಂಡು ಹೋಗಲಿಲ್ಲ. ಅಪ್ಪನ ಜೊತೆ ಹೊಲಕ್ಕೆ ನಡೆದುಕೊಂಡು ಹೋದೆ. ಮೊಣಕಾಲು ನೋವು ಅಂದವರು ಬದುವಿನ ಮೇಲೆ ನನಗಿಂತ ಮುಂದೆ ಇದ್ದರು. ಅಲ್ಲಿ ಕೂತು ಕೇಳಿದೆ. ಹೊಲ ಹೋದರೆ ನಿಮಗೆ ಏನು ಹೋಗುತ್ತದೆ, ಒಂದೊಂದಾಗಿ ಹೇಳಿ ಅಂದೆ. ಮೊದಲು ಸುಮ್ಮನಿದ್ದರು. ಆಮೇಲೆ ಹೇಳಿದರು. ಮನೆಗೆ ವರ್ಷಪೂರ್ತಿ ಜೋಳ, ಬೇಳೆ ಇಲ್ಲಿಂದ ಬರುತ್ತದೆ. ಎರಡು ದನಕ್ಕೆ ಕಣಿಕಿ, ಹೊಟ್ಟು ಇಲ್ಲಿಂದಲೇ. ಊರಲ್ಲಿ ಯಾರದಾದರೂ ಮದುವೆ ಮಾತು ಬಂದರೆ ಹೊಲ ಇದ್ದವರನ್ನು ಕರೆದು ಕೂರಿಸುತ್ತಾರೆ. 88 ಲಕ್ಷ ಬ್ಯಾಂಕಿನಲ್ಲಿಟ್ಟರೆ ಆ ಪುಸ್ತಕ ನನ್ನ ಕೈಯಲ್ಲಿರುತ್ತದೆ, ಅವರು ನೂರು ರೂಪಾಯಿ ಬೇಕಾದರೂ ನನ್ನನ್ನು ಕೇಳಬೇಕು. ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅವರು ಅವತ್ತು ಯಾಕೆ ಎದ್ದು ಹೋದರು ಅಂತ ಆಗ ತಿಳಿಯಿತು. ಇದನ್ನೆಲ್ಲ ಹೇಳಲು ಅವರಿಗೆ ಬಾಯಿ ಬಂದಿರಲಿಲ್ಲ, ನಾನು ಅದಕ್ಕೆ ಭಾವನೆ ಅಂತ ಹೆಸರಿಟ್ಟು ಪಕ್ಕಕ್ಕೆ ಸರಿಸಿದೆ.

ಜೋಳ, ಬೇಳೆ, ಕಣಿಕಿ ಎಲ್ಲ ಸೇರಿಸಿ ಅಲ್ಲೇ ಮೊಬೈಲಿನಲ್ಲಿ ಮತ್ತೆ ಲೆಕ್ಕ ಹಾಕಿದೆವು. ಅಪ್ಪನೇ ದರ ಹೇಳಿದರು. 90 ಸಾವಿರ ಹೋಗಿ 1 ಲಕ್ಷ 65 ಸಾವಿರ ಆಯಿತು. ಆದರೂ ಬಡ್ಡಿಗಿಂತ ಬಹಳ ಕಡಿಮೆ. ಅಪ್ಪ ಅದನ್ನು ನೋಡಿ "ಕಡಿಮೀನ ಐತಿ, ಖರೆ" ಅಂದರು. ಅವರು ಇಷ್ಟು ಸಮಾಧಾನದಿಂದ ಒಪ್ಪುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಅವತ್ತು ನನ್ನ ಅಂಕಿಗೆ ಉತ್ತರ ಕೊಡದೆ ಎದ್ದು ಹೋದವರು, ತಮ್ಮ ಮಾತು ಅದರೊಳಗೆ ಬಂದ ಮೇಲೆ ಅದೇ ಅಂಕಿಯನ್ನು ಒಪ್ಪಿದರು.

ಬ್ಯಾಡಗಿ ಅಣ್ಣನ ಮಾತಿನ ಹಾಗೆ ಈ ಸಲ ಎರಡು ಎಕರೆ ಲಾವಣಿಗೆ ಕೊಡುತ್ತೇವೆ, ಇನ್ನೆರಡು ಅಪ್ಪ ಇಟ್ಟುಕೊಳ್ಳುತ್ತಾರೆ. ಕೊಳ್ಳಲು ಬಂದವರಿಗೆ ಸದ್ಯ ಇಲ್ಲ ಅಂತ ಹೇಳಿದೆ. ಅಕ್ಕನಿಗೆ ಫೋನ್ ಮಾಡಿದೆ. ಎರಡು ನಿಮಿಷ ಮಾತಾಡಲಿಲ್ಲ, ಆಮೇಲೆ "ನನ್ನನ್ನೂ ಕೇಳಬೇಕು ಅಂತ ನಿನಗ ಅನಿಸ್ತಲ್ಲ" ಅಂದಳು. ಎಳ್ಳಮಾಸಿಗೆ (ಎಳ್ಳ ಅಮಾವಾಸ್ಯೆಗೆ) ಬರುತ್ತಾಳೆ. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಊಟ ಮಾಡಿ, ಹೊಲದಲ್ಲೇ ಕೂತು ಮಾತಾಡುತ್ತೇವೆ.

ಕೋರ್ಟ್ ಸರ್ಕಲ್, ಧಾರವಾಡ:

ಒಳ್ಳೆಯದಾಯಿತು. ಉತಾರ ತೆಗೆಸಿಕೊಂಡು ಹೋಗಿ.

ಬೆಟಗೇರಿ ಅಕ್ಕ:

ಸಪ್ತಾಪುರದ ತಂಗಿ, ನಿನ್ನ ಅಪ್ಪ ಅಮ್ಮನ ಜೊತೆ ಮಾತಾಡಲು ನಿನ್ನ ಪರವಾಗಿ ಮನೆಯಲ್ಲಿ ಹಿರಿಯರು ಯಾರಾದರೂ ಇದ್ದಾರಾ? ಸೋದರತ್ತೆ, ದೊಡ್ಡಮ್ಮ, ಯಾರಾದರೂ. ಇದ್ದರೆ ಹೇಳು, ಅವರಿಗೆ ಹೇಗೆ ಹೇಳಬೇಕು ಅಂತ ಎಲ್ಲರೂ ಸೇರಿ ಯೋಚನೆ ಮಾಡೋಣ.

ಸಪ್ತಾಪುರ ಪಿಜಿ:

ಸೋದರತ್ತೆ ಇದ್ದಾರೆ ಅಕ್ಕಾ, ಶಿಗ್ಗಾವಿಯಲ್ಲಿ. ನಾಳೆ ಅವರಿಗೆ ಫೋನ್ ಮಾಡುತ್ತೇನೆ.